ಮೇಡಂ ಮುಷ್ಟಿ

ಮುಂದೆ ಹೋಗುತ್ತಿದ್ದ ಸಂಘದ ಮೇಡಂ ಮುಷ್ಟಿ ಸಡಿಲಿಸಿದ್ದನ್ನು ಅವಳು ಕಣ್ಣಾರೆ ಕಂಡಳು. ಏನೋ ಉದುರಿತು. ಮೇಡಂ ಹಿಂದೆಯೇ ಬಂದ ಅವಳ ಗಂಡ ಮಂಡಿಯೂರಿ, ಜಲ್ಲಿಯ ಮೇಲೆ ಅಂಗೈ ಆಡಿಸಿ, ಅದನ್ನು ಹೆಕ್ಕಿಕೊಂಡ.

"ಸಿಕ್ತು ಮೇಡಂ!"

"ನಿಮ್ಮ ಕೈಗುಣ ಸಾರ್, ನಮಗೆಲ್ಲಿ ಬರಬೇಕು!"

ಕೈಗುಣವಂತೆ! ಕಲ್ಲಾಗಿಹೋದ ಹಳೇ ಚಿಪ್ಪು ಹುಡುಕುವ ಕಲ್ಲು ಸಂಘದವರ ಜೊತೆ ಕ್ವಾರಿ ಗುಡ್ಡ ಅಂತ ತಿರುಗಿ, ಸಂಜೆ ಗುನುಗುತ್ತ ಮನೆಗೆ ಬರುವ ಗಂಡನ ಮೇಲೆ ಅವಳಿಗೆ ಅನುಮಾನ ಹುಟ್ಟಿ ಬಹಳ ಕಾಲವಾಗಿತ್ತು. ಅಡುಗೆಮನೆಯಲ್ಲಿ ಕಣ್ಣೆದುರಿನ ಉಪ್ಪಿನ ಡಬ್ಬಿ ಕಾಣದ ಗಂಡಸಿಗೆ, ಗುಡ್ಡದಷ್ಟು ಜಲ್ಲಿಯಲ್ಲಿ ಉಗುರಿನಷ್ಟು ಕಲ್ಲಾದ ಚಿಪ್ಪು ಹೇಗೆ ಕಾಣುತ್ತದೆ? "ನಾನೂ ಬರ್ತೀನಿ" ಎಂದಾಗ "ಬಿಸಿಲಲ್ಲಿ ನೀನ್ಯಾಕೆ?" ಎಂದಿದ್ದ. ಅಷ್ಟು ಸಾಕಾಯಿತು, ಹಟ ಹಿಡಿದು ಹೊರಟುಬಂದಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಮನೆಯವರಿಗೆ ಗೊತ್ತಾಗದೇನು?

ಗಂಡ ಆಚೆ ಸರಿದದ್ದೇ ತಡ, ಬಂಡೆಯ ಮರೆಯಲ್ಲಿ ಅವಳು ಮೇಡಮ್ಮಿನ ಕೈ ಹಿಡಿದಳು. "ನನ್ನ ಯಜಮಾನರ ಕಾಲಡಿ ಏನಮ್ಮ ಉದುರಿಸ್ತಿದ್ದೆ? ಚೀಟಿನಾ? ಬಿಚ್ಚು ಮುಷ್ಟಿ!"

ಮೇಡಂ ಮುಖ ಕೆಂಪಾಯಿತು. ಬೆರಳು ಬಿಚ್ಚಿದರು. ಅಂಗೈಯಲ್ಲಿ ಬೆವರು ಹತ್ತಿದ ಪುಟ್ಟ ಪುಟ್ಟ ಕಲ್ಲುಚಿಪ್ಪುಗಳು.

"ನಾನೇ ಹುಡುಕಿದ್ದು. ಸಾರ್‌ಗೆ ಈಗ ಸಣ್ಣದೇನೂ ಕಾಣಲ್ಲ ಅಕ್ಕಾ. ಒಂದು ಸಲ ಬರಿಗೈಲಿ ವಾಪಸ್ ಹೋದಾಗ ಬಸ್ಸಲ್ಲಿ ಯಾರ ಹತ್ರಾನೂ ಮಾತಾಡ್ಲಿಲ್ಲ. ಇನ್ನು ಬರೋದೇ ಬಿಟ್ಬಿಡ್ತಾರೇನೋ ಅನ್ನಿಸ್ತು... ಅವರಿಗೆ ಗೊತ್ತಿಲ್ಲ. ದಮ್ಮಯ್ಯ, ಹೇಳ್ಬೇಡಿ."

ಅವಳ ಹಿಡಿತ ತಾನಾಗಿ ಜಾರಿತು. ಗಂಡನ ವಾಚ್ ರಿಪೇರಿ ಅಂಗಡಿ ನೆನಪಾಯಿತು. "ಈಗಿನ ಕಾಲದಲ್ಲಿ ಯಾರೇ ರಿಪೇರಿ ಮಾಡಿಸ್ತಾರೆ? ಕೆಟ್ರೆ ಎಸೀತಾರೆ" ಎಂದು ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲು ಹಾಕಿಬಿಟ್ಟಿದ್ದ. ಆ ಮಾತನ್ನು ಮಾತ್ರ ಅವಳು ಒಂದಿಷ್ಟೂ ಅನುಮಾನಿಸಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಅವಳ ಕಿವಿಯ ಹತ್ತಿರ ಬಾಗಿದ. ಹೆಬ್ಬೆರಳು ಚಿಪ್ಪಿನ ಗೆರೆಗಳನ್ನು ಸವರುತ್ತಲೇ ಇತ್ತು.

"ಆ ಮೇಡಂ ಇದಾರಲ್ಲ, ಪಾಪ, ಕಣ್ಣು ಮಂದ ಕಣೇ. ಕಾಲಡೀಲೇ ಬಿದ್ದಿರುತ್ತೆ, ದಾಟ್ಕೊಂಡು ಹೋಗ್ಬಿಡ್ತಾರೆ. ನೀನು ಬಾಯಿ ಬಿಟ್ಟೀಯ ಮತ್ತೆ! ಗೊತ್ತಾದ್ರೆ ಬರೋದೇ ನಿಲ್ಲಿಸ್ಬಿಡ್ತಾರೆ."

ಹೇಳಿದವನ ತುಟಿಯಲ್ಲಿ ನಗು ಇದೆಯೋ ಎಂದು ಅವಳು ಬಗ್ಗಿ ನೋಡಿದಳು. ಅವನು ಆಗಲೇ ಕಿಟಕಿಯ ಕಡೆ ತಿರುಗಿದ್ದ.