ಮಾವ ಕೊಟ್ಟ ಬೂಟು

ಇನ್ನೇನು ಸೀಟಿ ಊದಬೇಕು ಅನ್ನುವಾಗ ರಾಮಾನುಜ ಅಯ್ಯಂಗಾರರು ಪೊಟ್ಟಣ ಹಿಡಿದು ಚಾಮರಾಜಪೇಟೆಯ ಮೈದಾನಕ್ಕೆ ಬಂದರು. ಒಳಗೆ ಹೊಚ್ಚ ಹೊಸ ಬೂಟು.

"ಮೊದಲ್ನೇ ದೀಪಾವಳಿ ಉಡುಗೊರೆ, ಅಳಿಯಂದ್ರೇ. ಇರೋಳು ಒಬ್ಳೇ ಮಗಳು, ಅವಳ ಗಂಡ ಬರಿಗಾಲಲ್ಲಿ ಓಡಾಡಿದ್ರೆ ಚೆನ್ನಾಗಿರಲ್ಲ. ಹಾಕ್ಕೊಳ್ಳಿ."

ಅಳಿಯ ವರದರಾಜ ಫುಟ್‌ಬಾಲ್ ಟೀಮಿನ ಹಾಫ್‌ಬ್ಯಾಕ್. ಗೋಲು ಹೊಡೆಯುವವನಲ್ಲ, ತಡೆಯುವವನೂ ಅಲ್ಲ. ಹಿಂದಿನಿಂದ ಬಂದ ಚೆಂಡನ್ನು ಮುಂದಿನವರಿಗೆ ಮುಟ್ಟಿಸುವವನು. ಆಗ ಅರ್ಧ ಟೀಮು ಬರಿಗಾಲಲ್ಲೇ ಆಡುತ್ತಿತ್ತು, ಇವನೂ ಅಷ್ಟೇ. ಅವತ್ತು ಅವನನ್ನೇ ನೋಡಲು ಕಲ್ಕತ್ತೆಯ ದೊಡ್ಡ ಕ್ಲಬ್ಬಿನವರೊಬ್ಬರು ಬಂದು ಕೂತಿದ್ದರು. ಆದರೆ ಮಾವನಿಗೆ ಒಲ್ಲೆ ಅನ್ನುವ ಬಾಯಿ ಯಾವ ಹೊಸ ಅಳಿಯನಿಗಿದೆ? ಹಾಕಿಕೊಂಡ.

ಕನಸಿನಲ್ಲಿ ಓಡಲು ಹೋದರೆ ಕಾಲೇ ಏಳುವುದಿಲ್ಲವಲ್ಲ, ಹಾಗಾಯಿತು ಪಾಪ. ಚೆಂಡು ಬಂತು, ಹೋಯಿತು. ಕಾಲಿಗೆ ಅದರ ಸುದ್ದಿಯೇ ತಿಳಿಯಲಿಲ್ಲ. ಇಳಿಬಿಸಿಲಿನ ಕೆಂಧೂಳಿನಲ್ಲಿ ಮಿಕ್ಕವರೆಲ್ಲ ತೇಲುತ್ತಿದ್ದರು, ಅವನೊಬ್ಬ ನೆಲಕ್ಕೆ ಅಂಟಿಕೊಂಡಿದ್ದ. ಅರ್ಧ ಆಟ ಮುಗಿಯುವಷ್ಟರಲ್ಲಿ ಕಲ್ಕತ್ತೆಯವರು ಎದ್ದು ಹೊರಡಲು ನೋಡುತ್ತಿದ್ದರು.

"ಬಿಚ್ಚಾಕೋ ಅದನ್ನ!" ಕ್ಲಬ್ಬಿನ ಕಾರ್ಯದರ್ಶಿ ಶೀನಣ್ಣ ರೇಗಿದ. "ಕಲ್ಕತ್ತೆ ಕೈತಪ್ಪಿ ಹೋಗ್ತಿದೆ. ಹೆಂಡ್ತೀನ ಕರ್ಕೊಂಡು ಅಲ್ಲೇ ಮನೆ ಮಾಡೋದು ಬೇಡ್ವಾ?"

"ಮಾವ ಕೂತಿದಾರೆ, ಶೀನಣ್ಣ."

ಮಾವ ಕೂತಿರಲಿಲ್ಲ, ಹಿಂದೆಯೇ ನಿಂತಿದ್ದರು. ಎಲ್ಲ ಕೇಳಿಸಿತ್ತು. ಪಂಚೆ ಮಣ್ಣಾಗುವುದನ್ನೂ ನೋಡದೆ ಮಂಡಿಯೂರಿ ಬೂಟಿನ ದಾರ ಬಿಚ್ಚತೊಡಗಿದರು. ಅಳಿಯ ನಾಚಿ ಕಾಲೆಳೆದುಕೊಂಡ.

"ಸುಮ್ನಿರಿ. ಧಾರೆ ದಿನ ಈ ಕಾಲು ತೊಳ್ದೋನು ನಾನೇ. ಮಂತ್ರದ ಗಡಿಬಿಡೀಲಿ ಸರಿಯಾಗಿ ನೋಡಿರ್ಲಿಲ್ಲ."

ಬರಿಗಾಲು ಮಣ್ಣಿಗೆ ಸೋಕಿದ್ದೇ ತಡ, ಚೆಂಡು ಹೇಳಿದ ಮಾತು ಕೇಳಿತು. ಮುಳುಗುವ ಹೊತ್ತಿನ ಬೆಳಕಿನಲ್ಲಿ ವರದರಾಜ ಮುಟ್ಟಿ ಬಿಟ್ಟ ಚೆಂಡು ಅಷ್ಟು ಕಾಲುಗಳ ನಡುವೆ ಯಾವುದಕ್ಕೂ ತಾಗದೆ ಸಾಗಿ, ಬೇಕಾದವನ ಮುಂದೆ ನಿಲ್ಲುತ್ತಿತ್ತು. ಜನ ಕೂಗುವುದನ್ನೂ ಮರೆತು ನೋಡಿದರು. ಕಲ್ಕತ್ತೆಯವರು ಶೀನಣ್ಣನ ಕೈ ಕುಲುಕಿ, ಹುಡುಗ ಇನ್ನು ನಮ್ಮವನು ಅಂದರು.

ಅಯ್ಯಂಗಾರರಿಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಬಂತು. ಬೂಟುಗಳನ್ನು ಎದೆಗವಚಿಕೊಂಡೇ ಶೀನಣ್ಣನ ಹತ್ತಿರ ಸರಿದು ಮೆಲ್ಲಗೆ ಕೇಳಿದರು:

"ಅಲ್ಲಿಂದ ಹೆಣ್ಣುಮಗಳು ಒಬ್ಳೇ ರೈಲಲ್ಲಿ ತವರಿಗೆ ಬರೋಕಾಗುತ್ತಾ, ಶೀನಣ್ಣ?"