ಮಗಳ ಬೆರಳುಗಳು

ಜಬೀನಾ ಬಳಪವನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ, ಬೆಳಕಿಗೆ ಹಿಡಿದು ನೋಡಿ, ಪಟಕ್ಕನೆ ಮುರಿದು ರಜಿಯಾಳ ಮಡಿಲಿಗೆ ಎಸೆದಳು.

"ಸ್ಲೇಟ್ ಮೇಲೆ ಕಾಗೆ ಕಾಲು ಬರ್ದಿದೀಯ. ನಿಮ್ಮಮ್ಮ ಏನೂ ಕಲ್ಸೇ ಕಳ್ಸಿಲ್ವೇನೇ?"

ಸುತ್ತ ನಿಂತ ಹುಡುಗಿಯರು ನಕ್ಕರು. "ನಾಳೆ ಚೆನ್ನಾಗ್ ಬರೀತೀನಿ ಕಣೇ" ಎಂದಳು ರಜಿಯಾ, ತಲೆ ಎತ್ತದೆ.

ಮಗಳು ಜಬೀನಾಳಿಗೆ ಊಟದ ಡಬ್ಬಿ ತಂದಿದ್ದ ಮೆಹತಾಬ್ ಶಾಲೆಯಂಗಳದ ಬೇವಿನ ನೆರಳಲ್ಲೇ ನಿಂತುಬಿಟ್ಟಳು. ಹುಡುಗಿಯರ ನಗು ನೀರಿನಾಚೆಯಿಂದ ಬಂದಂತೆ ದೂರವಾಯಿತು. ಮಧ್ಯಾಹ್ನದ ಬಿಸಿಲಲ್ಲಿ ಬೇವಿನ ಎಲೆಯೊಂದು ನೆಲ ಮುಟ್ಟುವುದನ್ನೇ ಮರೆತಂತೆ ತೇಲುತ್ತಿತ್ತು. ಆ ಬೆರಳುಗಳನ್ನು ಅವಳು ಬಲ್ಲಳು. ಕುಣಿಗಲ್‌ನಿಂದ ಮದುವೆಯಾಗಿ ಬಂದ ಓರಗಿತ್ತಿ ಕಟ್ಟುವ ಬೀಡಿಗಳನ್ನು ಪ್ರತಿ ಸಂಜೆ ಹೀಗೆಯೇ ಒಂದೊಂದಾಗಿ ಉರುಳಿಸಿ, ಸಡಿಲವಾದದ್ದನ್ನು ಮುರಿದು, ಅವಳ ಮಡಿಲಿಗೆ ಎಸೆಯುವವಳು ತಾನೇ. ತಾಯಿಯನ್ನು ಎತ್ತಿ ಆಡುವ ಆ ಮಾತೂ ತನ್ನದೇ. ಒಂದು ಕಾಲಕ್ಕೆ ಅತ್ತೆಯೂ ತನಗೆ ಹಾಗೆಯೇ ಮಾಡಿದ್ದರು. ಕೆಲಸ ಕಲಿಸುವ ರೀತಿಯೇ ಅದು ಎಂದು ಮೆಹತಾಬ್ ಇಷ್ಟು ದಿನ ನಂಬಿದ್ದಳು. ಬೀಡಿ ಎಸೆಯುವಾಗ ಓರಗಿತ್ತಿಯ ಮುಖವನ್ನು ನೋಡಿದ ನೆನಪು ಅವಳಿಗಿರಲಿಲ್ಲ. ಈಗ ರಜಿಯಾಳ ಮುಖ ಕಾಣುತ್ತಿತ್ತು. ಅಳುವನ್ನು ತಡೆಯಲು ಆ ಮಗು ಕೆಳದುಟಿಯನ್ನು ಒಳಗೆಳೆದುಕೊಂಡಿತ್ತು.

ಬೈಯಬೇಕೆಂದು ಮೆಹತಾಬ್ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಜಬೀನಾ ಇತ್ತ ತಿರುಗಿದಳು. ಅವಳು ಬೆಚ್ಚಲೂ ಇಲ್ಲ, ಹೆದರಲೂ ಇಲ್ಲ. ತಾಯಿಯನ್ನು ಕಂಡು ಮುಖ ಅರಳಿಸಿ ಕೇಳಿದಳು:

"ಸರಿಯಾಗ್ ಮಾಡ್ದೆ ಅಲ್ವಾ, ಅಮ್ಮಿ?"