ಒಣಗದ ಗೋಡೆ

ಗೋಡೆಯ ಕೆಸರು ಉಜ್ಜುತ್ತಿದ್ದ ಗುಂಡಿ ಎಂಬವಳ ಕೈ ಅರ್ಧಕ್ಕೇ ನಿಂತಿತು. ಕೆಸರಿನ ಕೆಳಗೆ ತಿಳಿನೀಲಿ ಬಣ್ಣ ಕಂಡಿತ್ತು, ಹೊಳಪು ಕೂಡ ಮಾಸದ್ದು. ಪ್ರವಾಹ ಬಂದು ಹೋಗಿ ತಿಂಗಳುಗಳೇ ಆಗಿದ್ದವು. ಈ ಬಣ್ಣ ಆಮೇಲೆ ಬಳಿದದ್ದು. ಅಂದರೆ ಅದರ ಮೇಲಿನ ಕೆಸರು ಅದಕ್ಕೂ ಆಮೇಲಿನದು.

ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಈ ಬೀದಿಯ ಬೇರೆ ಮನೆಗಳಲ್ಲಿ ನೀರು ನಿಂತ ಗುರುತು ದಾರ ಹಿಡಿದು ಎಳೆದಂತೆ ನೇರವಾಗಿತ್ತು. ಇಲ್ಲಿ ಅದು ಏರುತ್ತ ಇಳಿಯುತ್ತ ಹೋಗಿತ್ತು. ಬಾಗಿಲ ಪಕ್ಕದಲ್ಲಂತೂ ಮೇಲಿಂದ ಕೆಳಕ್ಕೆ ಯಾರೋ ಬೆರಳಾಡಿಸಿದ ಗೆರೆಗಳು. ಸುತ್ತ ಚರ್ಚಿನ ಸೇವಾ ತಂಡದವರೆಲ್ಲ ಹಾಡುತ್ತ ಉಜ್ಜುತ್ತಿದ್ದರು. ಯಾರೂ ಇದನ್ನು ಗಮನಿಸಿರಲಿಲ್ಲ.

ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವವಳು ಅವಳು. ಅದಕ್ಕೇ ತಂಡದವರು ಗುಂಡಿ ಎಂದು ಹೆಸರಿಟ್ಟಿದ್ದರು. ನೆರೆ ಬಂದ ಊರಿಗೆ ಸೇವೆಗೆ ಯಾರು ಬರುತ್ತೀರಿ ಎಂದು ಪಾಸ್ಟರ್ ಸಭೆಯಲ್ಲಿ ಕೇಳಿದಾಗ ತನ್ನ ಕೈ ಹೇಗೆ ಮೇಲೆದ್ದಿತೋ ಅವಳಿಗೇ ಗೊತ್ತಿಲ್ಲ. ಮನೆಯಲ್ಲಿ ಅತ್ತಿಗೆ, ಹಾಸಿಗೆ ಮಡಚಿಟ್ಟು ಹೋಗು ಎಂದಳು, ಅಷ್ಟೆ. ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ತಂಡದ ಅಡುಗೆ ಪಾತ್ರೆಗಳು ಕೂತು ಬಂದಿದ್ದವು. ದಿನಾ ಸಂಜೆ ಎಲ್ಲರೂ ಸುತ್ತ ನಿಂತು, ಕರ್ತನು ಅಂದು ತಮಗೆ ಏನು ತೋರಿಸಿದನೆಂದು ಸಾಕ್ಷಿ ಹೇಳಬೇಕು. ತನ್ನ ಸರದಿ ಬಂದಾಗೆಲ್ಲ ಅವಳು ತಲೆ ತಗ್ಗಿಸುವಳು. ಹಾಡು ಹೇಳಿಕೊಡುವ ದೊಡ್ಡಕ್ಕ, "ಬಾಯಿಗೂ ಗುಂಡಿ ಹಾಕ್ಕೊಂಡಿದ್ದಾಳೆ, ಬಿಚ್ಚೋರು ಯಾರಪ್ಪ?" ಎನ್ನುವಳು. ಎಲ್ಲರೂ ನಗುವರು. ಅವಳೂ ನಗುವಳು.

ಇವತ್ತು ಕೊನೆಯ ದಿನ. ಹೇಳಿದರೆ ಎಲ್ಲರೂ ಅವಳತ್ತ ತಿರುಗಿ ನೋಡುವಂಥ ಸಂಗತಿಯೊಂದು ಮೊದಲ ಸಲ ಅವಳ ಕೈಗೆ ಸಿಕ್ಕಿತ್ತು. ಅದನ್ನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡುತ್ತ ಬ್ರಷ್ ತೊಳೆಯಲು ಹಿತ್ತಲಿನ ನಲ್ಲಿಗೆ ಹೋದಳು. ಅಲ್ಲಿ ಬಾಗಿಲ ಮರೆಯಲ್ಲಿ ಒಂದು ಬಕೆಟ್ ಇತ್ತು. ಅದರ ತುಂಬ ನುಣ್ಣಗೆ ಕಲಸಿದ ಕೆಸರು.

ಮನೆಯಾಕೆ ಹಿಂದೆಯೇ ಬಂದು ನಿಂತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಈ ಮನೆಯ ಮುಂದಿನ ಕೋಣೆಯಲ್ಲೇ ಅಕ್ಕ ತಂಗಿ ಸೇರಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದರು. ತಂಗಿ ನೆರೆ ನೀರಿನಲ್ಲಿ ಹೋದಳು. ಮೇಜಿನ ಮೇಲೆ ಈಗಲೂ ಇಸ್ತ್ರಿ ಪೆಟ್ಟಿಗೆ ಎರಡಿವೆ.

"ನೋಡ್ಬಿಟ್ಟೆ ಅಲ್ವಾ?"

ಗುಂಡಿ ತಲೆಯಾಡಿಸಿದಳು. ಆಕೆ ಸುಳ್ಳು ಹೇಳಲಿಲ್ಲ, ಅಳಲೂ ಇಲ್ಲ. ಮೊದಲು ಬಂದ ಬೇರೊಂದು ತಂಡದವರು ನೀಲಿ ಬಣ್ಣ ಬಳಿಯುತ್ತ ಮನೆಯೆಲ್ಲ ಓಡಾಡಿದರು, ಅಮ್ಮಾ ನೀರು ಕೊಡಿ ಎಂದರು, ಸೋಪು ಎಲ್ಲಿ ಎಂದರು, ತಂಗಿಯ ಹೆಸರು ಹೇಳಿ ಪ್ರಾರ್ಥನೆ ಮಾಡಿದರು. ಅವರು ಹೋದ ಮೇಲೆ ಗೋಡೆ ಅಷ್ಟು ಚೊಕ್ಕಟವಾಗಿ ನಿಂತದ್ದು ನೋಡಲಾಗಲಿಲ್ಲ ಎಂದಳು.

"ಮರೆಯಲ್ಲ ಅಂತ್ಲೇ ಹೋಗ್ತಾರಮ್ಮ ಎಲ್ಲಾರೂ. ಬೇಕಂತ ಮರೀತಾರೆ ಅಂತ ನಾನೂ ಅನ್ನಲ್ಲ. ಗೋಡೆಗೆ ಕೆಸರಾದ್ರೆ ಬಸ್ಸು ಮಾಡ್ಕೊಂಡು ಬರ್ತಾರೆ. ಮನುಷ್ಯರಿಗೆ ಬೇಜಾರಾದ್ರೆ ಯಾರ್ ಬರ್ತಾರೆ?" ಬಕೆಟಿನತ್ತ ನೋಡಿ ಕೇಳಿದಳು, "ಹೇಳ್ತೀಯಾ ಅವರಿಗೆ?"

ಗುಂಡಿ ಬ್ರಷ್ಷನ್ನು ನೀರಿಗೆ ಹಿಡಿದೇ ಇದ್ದಳು. ಅದು ತೊಳೆದು ಬೆಳ್ಳಗಾಗಿ ಎಷ್ಟೋ ಹೊತ್ತಾಗಿತ್ತು.

"ನಿನ್ ಹೆಸರೇನಮ್ಮ?" ಎಂದಳು ಆಕೆ. "ಗುಂಡಿ ಅಂತ ಯಾರಾದ್ರೂ ಹೆಸರಿಡ್ತಾರಾ?"

ಗುಂಡಿ ತನ್ನ ಹೆಸರು ಹೇಳಿದಳು. ತಂಡದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಸಂಜೆಯ ಹೊತ್ತಿಗೆ ಗೋಡೆಗೆ ಹಾಲಿನ ಬಣ್ಣ ಬಿತ್ತು. ಆ ಕೋಣೆಯಲ್ಲೇ ಎಲ್ಲರೂ ಕೈ ಕೈ ಹಿಡಿದು ಸುತ್ತ ನಿಂತರು. ಈ ಬೀದಿಯಲ್ಲಿ ಇದೇ ಕೊನೆಯ ಮನೆಯಾಗಿತ್ತು, ಇಲ್ಲಿನ ಕೆಲಸ ಮುಗಿಯಿತು, ಮುಂದಿನ ತಂಡವನ್ನು ಹೊಳೆಯ ಆಚೆ ಕಡೆಗೆ ಕಳಿಸುವುದು ಎಂದರು ಪಾಸ್ಟರ್. ಎಲ್ಲರೂ ಸ್ತೋತ್ರ ಎಂದರು. ಮನೆಯಾಕೆ ನೆಲ ನೋಡುತ್ತ ನಿಂತಿದ್ದಳು. ಸಾಕ್ಷಿಗಳು ಒಂದೊಂದಾಗಿ ಸುತ್ತಿ ಬಂದು ಗುಂಡಿಯ ಹತ್ತಿರ ನಿಂತವು.

"ಇವತ್ತಾದ್ರೂ ನಮ್ ತಂಗಿ ಒಂದು ಮಾತಾಡ್ತಾಳಾ?" ಎಂದರು ಪಾಸ್ಟರ್.

ಗುಂಡಿ ಗೋಡೆಯತ್ತ ತಿರುಗಿದಳು. "ಗೋಡೆ ಇನ್ನೂ ಒಣಗಿಲ್ಲ ಪಾಸ್ಟರ್," ಎಂದಳು. "ಒಳಗಿಂದ ತೇವ ಬರ್ತಾನೇ ಇದೆ. ಮತ್ತೆ ಕೊಳೆಯಾಗುತ್ತೆ. ಮುಂದಿನೋರೂ ಇಲ್ಲಿಗೆ ಬಂದು ನೋಡ್ಬೇಕು."

"ಇಷ್ಟು ದಿನ ಕಾಯಿಸಿ ಹೇಳಿದ್ದು ಇದಾ? ಇದೂ ಒಂದು ಸಾಕ್ಷಿನಾ ತಾಯಿ?" ಎಂದಳು ದೊಡ್ಡಕ್ಕ. ನಗು ಹಬ್ಬಿತು. ಪಾಸ್ಟರ್ ಮಾತ್ರ ಗೋಡೆಗೆ ಬೆರಳು ಒತ್ತಿ ನೋಡಿದರು. ಬೆರಳಿಗೆ ಬಣ್ಣ ಹತ್ತಿತು.

"ಹಸಿ ಇದೆ, ನಿಜ," ಎಂದು ಕರವಸ್ತ್ರದಲ್ಲಿ ಒರೆಸಿಕೊಂಡರು. "ಆಗಲಿ, ಅವರು ಮೊದಲು ಇಲ್ಲಿಗೇ ಬರಲಿ."

ಬಸ್ಸು ಹಾರ್ನ್ ಹೊಡೆಯತೊಡಗಿತು. ಬ್ರಷ್ಷುಗಳನ್ನು ತರಲು ಗುಂಡಿ ಹಿತ್ತಲಿಗೆ ಓಡಿದಳು. ಬಾಗಿಲ ಮರೆಯ ಬಕೆಟಿನಲ್ಲಿ ಕೆಸರು ಮೇಲುಮೇಲೆ ಒಣಗಿ ಬಿರುಕು ಬಿಡುತ್ತಿತ್ತು. ಅವಳು ನಲ್ಲಿ ತಿರುಗಿಸಿ ಒಂದು ಮಗ್ಗು ನೀರು ಹಿಡಿದು, ಸದ್ದಾಗದಂತೆ ಅದಕ್ಕೆ ಹೊಯ್ದಳು.